ಗೌಡರ ಕಣ್ಣು, ಮಾಸ್ತರರ ಲೆಕ್ಕ

ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಗಣಿತದ ಮಾಸ್ತರರಿದ್ದರು. ಯಾರು ಏನೇ ಅಂದರೂ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸುತ್ತ, “ತಡೀರಿ, ಲೆಕ್ಕಾ ಹಾಕಿ ನೋಡೂಣು” ಎನ್ನುವರು.

ಅವರ ಗೆಳೆಯರಾದ ಗೌಡರು ವರ್ಷವೂ ಎತ್ತುಗಳ ಪ್ರದರ್ಶನದಲ್ಲಿ ಅಂಕ ಕೊಡುತ್ತಿದ್ದರು. “ನಾ ನಡಿಗಿ ಒಂದ ನೋಡಾಂವ” ಎಂಬುದು ಅವರ ಹೆಮ್ಮೆ. ಮಾಸ್ತರರು ಅದರ ಬೆನ್ನು ಹತ್ತಿದರು. ಎತ್ತುಗಳ ಎತ್ತರ, ಕೋಡು, ಡುಬ್ಬ, ನಡಿಗೆಗಳನ್ನು ಗೌಡರ ಅಂಕಗಳೊಂದಿಗೆ ಹೋಲಿಸಿ, ಅವರ ಮನಸ್ಸು ಯಾವುದಕ್ಕೆ ಎಷ್ಟು ವಾಲುತ್ತದೆಂದು ಗುಣಿಸಿ ತೆಗೆದರು. ಆಮೇಲೆ ಗೌಡರು ಬಾಯಿ ತೆರೆಯುವ ಮೊದಲೇ ಅವರ ಅಂಕವನ್ನು ನನ್ನ ಕಿವಿಯಲ್ಲಿ ಹೇಳುವರು. ಅದು ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತಿತ್ತು.

ಒಂದು ವರ್ಷ ಗೌಡರ ಅಳಿಯನ ಎತ್ತಿಗೇ ಮೊದಲ ಬಹುಮಾನ ಬಂತು. ಮೋಸವೆಂದು ಜನ ಗದ್ದಲವೆಬ್ಬಿಸಿದರು. ಗೌಡರ ಮುಖ ಬಾಡಿತು. “ಇನ್ನ ನಾ ಈ ಕೆಲಸಕ್ಕ ಬರೂದಿಲ್ಲ” ಎಂದು ಎದ್ದರು.

ಮಾಸ್ತರರು ಅಡ್ಡ ನಿಂತು, ಹಿಂದಿನ ವರ್ಷಗಳ ಲೆಕ್ಕದ ಪ್ರಕಾರವೂ ಅದೇ ಎತ್ತು ಮೊದಲು ಬರುವುದನ್ನು ಎಲ್ಲರಿಗೂ ಬಿಡಿಸಿ ತೋರಿಸಿದರು. “ನನ್ನ ಲೆಕ್ಕದಾಗ ಮಾಲಕರ ಹೆಸರ ಇಲ್ರಿ. ಕೋಡು ಛಲೋ ಇದ್ರ ಇವರು ಯಾರ ಎತ್ತಿಗಾದ್ರೂ ಕೊಡ್ತಾರ.”

ಜನ ತಣ್ಣಗಾದರು. ಗೌಡರಿಗೇ ಸಿಟ್ಟು ಬಂತು. “ಮತ್ತ ನಡಿಗಿ?”

“ನಡಿಗಿಗೆ ನೀವು ಏನೂ ಕೊಟ್ಟಿಲ್ರಿ, ಗೌಡ್ರ.”

ಗೌಡರು ನಮ್ಮೊಂದಿಗೆ ಚಹಾದಂಗಡಿಗೆ ಬಂದರು. ಅಲ್ಲಿ ಕೂತು ಕೇಳಿದರು: “ಕೋಡು ಛಲೋ ಇದ್ದ ಎತ್ತು ಎಂದಾದ್ರೂ ಕೆಟ್ಟ ನಡದದ್ದು ನೋಡೀರೇನ್ರಿ, ಮಾಸ್ತರ?”

ಕೋಡು, ನಡಿಗೆ ಎರಡೂ ಜೊತೆಗೇ ಬರುವುದಾದರೆ ಅಂಕ ಬಿದ್ದದ್ದು ಯಾವುದಕ್ಕೆ ಎಂಬ ಲೆಕ್ಕದಲ್ಲಿ ಮಾಸ್ತರರು ಎಷ್ಟು ಮುಳುಗಿದರೆಂದರೆ, ಅವರ ಪಾಲಿನ ಮಿರ್ಚಿ ಭಜಿಯನ್ನೂ ಗೌಡರೇ ನಗುತ್ತ ತಿಂದು ಮುಗಿಸಿದರು.