ಹುಳು ಮನೆಯ ಮಾತಿನ ಪೆಟ್ಟಿಗೆ

ನನ್ನ ತಂಗಿ ಭಾಗ್ಯ ನನ್ನಿಂದ ಕೇಳಿದ್ದು ಒಂದೇ ಕೆಲಸ, ಸುಮ್ಮನೆ ಕೂತು ಕೇಳಿಸಿಕೊಳ್ಳುವುದು. ಅದನ್ನು ನಾನು ಮಾಡಲಿಲ್ಲ. ಮಾಡಿದೆ ಅಂತ ಸುಳ್ಳು ಹೇಳಿದೆ. ಮುಂದೆ ಬರೆಯುವುದನ್ನು ನೀವು ನಂಬದಿದ್ದರೂ ಇದನ್ನು ನಂಬಬೇಕು. ದೆವ್ವ, ಗಾಳಿ, ಅಶರೀರವಾಣಿ ಅಂದವರನ್ನೆಲ್ಲ ನಾನು ಗೇಲಿ ಮಾಡುತ್ತಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆದರೂ ಬಹಳ ಓದಿದವನ ಹಾಗೆ ನಗುತ್ತಿದ್ದೆ.

ನಮ್ಮ ಊರು ಹುತ್ತೂರಿನ ಹತ್ತಿರ. ಹಿಪ್ಪುನೇರಳೆ ತೋಟ, ಮನೆಯ ಹಿಂದೆ ತಗಡಿನ ಮಾಡಿನ, ರೇಷ್ಮೆ ಸಾಕುವ ಹುಳು ಮನೆ. ಭಾಗ್ಯ ಡಿಪ್ಲೊಮಾ ಓದುತ್ತಿದ್ದಾಗ ಜ್ವರ ಬಂದು ಕಿವಿ ಹೋಯಿತು. ಮಾತು ಉಳಿಯಿತು. ಎದುರಿನವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ. ಮಾಲೂರಿನ ಸಣ್ಣ ವರ್ಕ್‌ಶಾಪೊಂದರಲ್ಲಿ ರೇಷ್ಮೆ ಸಾಕುವವರಿಗೆ ಮಾತಾಡುವ ಪೆಟ್ಟಿಗೆ ಮಾಡುತ್ತಿದ್ದರು. ಹುಳು ಮನೆಯಲ್ಲಿ ಸೆಕೆ ಏರಿದರೆ ಅದು ಕನ್ನಡದಲ್ಲೂ ತೆಲುಗಿನಲ್ಲೂ ಕೂಗಿ ಹೇಳಬೇಕು. ಅದರ ಪ್ರೋಗ್ರಾಮ್ ಬರೆಯುವ ಕೆಲಸ ಇವಳಿಗೆ ಸಿಕ್ಕಿತು. ಒಳಗೆ ಹಾಕಿದ ಧ್ವನಿ ನಮ್ಮ ಚಿಕ್ಕಮ್ಮನದು.

ಆ ಧ್ವನಿಯೆಲ್ಲ ಕಡಲೆಬೇಳೆಯಷ್ಟು ಚಿಕ್ಕ ಫ್ಲ್ಯಾಶ್ ಮೆಮೊರಿ ಚಿಪ್ಪಿನಲ್ಲಿ ಇರುತ್ತದೆ. ಅದನ್ನು ಓದಿ ಹೊರಗೆ ತರುವ ಪ್ರೋಗ್ರಾಮಿಗೆ ಡ್ರೈವರ್ ಅನ್ನುತ್ತಾರಂತೆ. ಮೊದಲಿನ ಡ್ರೈವರ್ ಒಂದೇ ತಂತಿಯಲ್ಲಿ ಓದುತ್ತಿತ್ತು. ಚಿಕ್ಕಮ್ಮ ನಿದ್ದೆಗಣ್ಣಿನಲ್ಲಿ ತಡವರಿಸಿದ ಹಾಗಿತ್ತು. ಭಾಗ್ಯ ಅದಕ್ಕೆ ಎರಡು ತಂತಿಯ ವೇಗ ಸೇರಿಸಿದಳು, ಆಮೇಲೆ ನಾಲ್ಕು ತಂತಿಯದು.

“ಒಬ್ನೇ ಸೊಪ್ಪು ಹೊತ್ರೆ ಹುಳ ಕಾಯ್ತಾ ಕೂರ್ತಾವೆ. ನಾಲ್ಕು ಜನ ಹೊತ್ರೆ ಬೇಗ” ಅಂದಳು. “ಆದ್ರೆ ನಾಲ್ಕೂ ಜನ ಒಂದೇ ಹೆಜ್ಜೇಲಿ ಹೊಸಿಲು ದಾಟ್ಬೇಕು ಕಣಣ್ಣ. ಒಬ್ಬ ಹಿಂದೆ ಬಿದ್ರೂ ಮಾತು ಒಡೀತದೆ.”

ಮೇಜಿನ ಮೇಲೆ ಎಲ್ಲ ಸರಿಯಾಗಿತ್ತು. ಬೇಸಿಗೆಯ ಸೆಕೆಯಲ್ಲಿ ಹೇಗೋ ಅನ್ನುವುದು ಮಾತ್ರ ಉಳಿದಿತ್ತು, ಅದನ್ನು ಕಿವಿಯೇ ಹೇಳಬೇಕು. ಮೂರು ಮಧ್ಯಾಹ್ನ ನಾನು ಹುಳು ಮನೆಯಲ್ಲಿ ಕೂತು, ಗುಂಡಿ ಒತ್ತಿ, ಪ್ರತಿ ಮಾತೂ ಕೇಳಿ, ಒಡೆಯದಿದ್ದರೆ ಹಾಳೆಯಲ್ಲಿ ಒಂದು ಗೀಟು ಹಾಕಬೇಕು. ಮೊದಲ ದಿನ ಎರಡು ತಂತಿಯದು. ನಿಯತ್ತಾಗಿ ಕೇಳಿದೆ, ಒಂದೂ ಒಡೆಯಲಿಲ್ಲ. ಎರಡು ಚೆನ್ನಾಗಿದ್ದ ಮೇಲೆ ನಾಲ್ಕೂ ಚೆನ್ನಾಗೇ ಇರುತ್ತದೆ ಅಂದುಕೊಂಡೆ. ನಾಲ್ಕು ತಂತಿಯದು ಕೇಳಬೇಕಿದ್ದ ಉಳಿದ ಎರಡು ದಿನ ಹೊಂಗೆ ಮರದ ಕೆಳಗೆ ಮಲಗಿ, ಎದ್ದ ಮೇಲೆ ಗೀಟು ತುಂಬಿಸಿದೆ.

ಸಂಜೆ ಭಾಗ್ಯ ಮಾಲೂರಿನಿಂದ ಬಂದು, ಚೀಲ ಇಳಿಸುವ ಮೊದಲೇ ಕೇಳುತ್ತಿದ್ದಳು. “ಅಣ್ಣಾ, ಒಡೀತಾ ಇದ್ಯಾ?”

“ಇಲ್ಲ.”

“ತೆಲುಗು?”

“ತೆಲುಗೂ ಇಲ್ಲ. ಚಿಕ್ಕಮ್ಮ ಮನೇಲಿ ಬೈಯೋದಕ್ಕಿಂತ ಚೆನ್ನಾಗಿ ಮಾತಾಡ್ತಾಳೆ.” ಭಾಗ್ಯ ಬಾಯಿ ತುಂಬ ನಕ್ಕಳು.

ಆ ಬೇಸಿಗೆಯಲ್ಲೇ ನಾಲ್ಕು ತಂತಿಯ ಪೆಟ್ಟಿಗೆಗಳು ಮನೆಮನೆಗೆ ಹೋದವು. ಬಿಸಿಲು ಏರಿದ ಹಾಗೆ ಧ್ವನಿ ಚೂರುಚೂರಾಯಿತು. ದೇವರಾಯಸಮುದ್ರದ ಒಂದು ಮನೆಯಲ್ಲಿ ಪೆಟ್ಟಿಗೆ ಏನೋ ಗೊರಗುಟ್ಟಿತು, ಯಾರಿಗೂ ತಿಳಿಯಲಿಲ್ಲ. ಇನ್ನೇನು ಗೂಡು ಕಟ್ಟಬೇಕಿದ್ದ ಹುಳ ಸೆಕೆಗೆ ತಟ್ಟೆಯ ಮೇಲೇ ಸತ್ತವು. “ಕಿವುಡಿಗೆ ಮಾತಿನ ಕೆಲಸ ಕೊಟ್ಟಿದ್ದು ನಮ್ಮ ತಪ್ಪು” ಅಂತ ವರ್ಕ್‌ಶಾಪಿನವರು ಅವಳ ಎದುರಿಗೇ ಹೇಳಿದರು. ತುಟಿ ನೋಡಿ ಅವಳಿಗೆ ತಿಳಿಯಿತು. ಕೆಲಸ ಬಿಟ್ಟಳು.

ಅವಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅವತ್ತು ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದಳು, “ಅಣ್ಣನ ಮುಂದೆ ಚೆನ್ನಾಗಿತ್ತು. ನಾನೇ ಆಮೇಲೆ ಏನೋ ಕೆಡಿಸಿದೀನಿ. ನಂಗೆ ಕಿವಿ ಕೇಳ್ಸಿದ್ರೆ ಗೊತ್ತಾಗ್ತಿತ್ತು.” ನಾನು ಮುದ್ದೆ ಮುರಿದು ಸಾರಿಗೆ ಅದ್ದಿದೆ, ನುಂಗಿದೆ. ಮೂರು ವರ್ಷ ಹಾಗೇ ನುಂಗಿದೆ. ಅವಳ ಜೊತೆ ಮಾತಾಡುವಾಗ ಮುಖ ಪಕ್ಕಕ್ಕೆ ತಿರುಗಿಸುವುದು ರೂಢಿಯಾಯಿತು.

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬೆಳೆ ಮುಗಿದ ಹುಳು ಮನೆಗೆ ಸುಣ್ಣ ಬಳಿಯುತ್ತಿದ್ದೆ. ಒಬ್ಬನೇ ಇದ್ದೆ. ಆ ಹಳೆಯ ಪೆಟ್ಟಿಗೆ ಮೊಳೆಯಲ್ಲಿ ನೇತಾಡುತ್ತಿತ್ತು, ಕೆಂಪು ದೀಪ ಉರಿಯುತ್ತಿತ್ತು. ಬೆನ್ನ ಹಿಂದೆ ಕೇಳಿಸಿತು.

“ಅಣ್ಣಾ, ಒಡೀತಾ ಇದ್ಯಾ?”

ಚಿಕ್ಕಮ್ಮನ ಧ್ವನಿಯಲ್ಲ, ಭಾಗ್ಯಳದು. ತಿರುಗಿ ನೋಡದೆಯೇ ನನ್ನ ಬಾಯಿ “ಇಲ್ಲ” ಅಂದುಬಿಟ್ಟಿತು. ಆಮೇಲೆ ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಪೆಟ್ಟಿಗೆಯ ಹತ್ತಿರ ಹೋಗಿ ಅದರ ಜಾಲರಿಯ ಮೇಲೆ ಅಂಗೈ ಇಟ್ಟೆ. ಇನ್ನೊಂದು ಸಲ ಕೇಳಿತು, ಅದೇ ಮಾತು, ಒಂದಿಷ್ಟೂ ಒಡೆಯದೆ. ನನ್ನ ಅಂಗೈ ಕೆಳಗೆ ಜಾಲರಿ ನಡುಗಿತು.

ಪೆಟ್ಟಿಗೆ ಕಿತ್ತುಕೊಂಡು ಮನೆಗೆ ಓಡಿದೆ. ಭಾಗ್ಯ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. “ಇದ್ರಲ್ಲಿ ನಿನ್ ಧ್ವನಿ ಹಾಕಿದ್ಯಾ?” ಅಂದೆ.

“ಏನಣ್ಣ, ಬಿಸಿಲು ನೆತ್ತಿಗೇರ್ತಾ?” ಅಂತ ನಕ್ಕು, ಸ್ಕ್ರೂ ಬಿಚ್ಚಿ ತೋರಿಸಿದಳು. ಚಿಪ್ಪು ಕೂರುವ ಜಾಗ ಖಾಲಿ. “ಕೆಲ್ಸ ಬಿಟ್ಟ ವಾರಾನೇ ನಾನೇ ಕಿತ್ತಿಟ್ಟೆ. ಚಿಪ್ಪಿಲ್ದೆ ಇದು ಕೆಮ್ಮೋದೂ ಇಲ್ಲ. ನನ್ ಧ್ವನಿ ಯಾವತ್ತೂ ಹಾಕೇ ಇಲ್ಲ.”

ಮನಸ್ಸಿನ ಕಳ್ಳತನ ಕಿವಿಗೆ ಕೇಳಿಸಿತು ಅಂತ ಅಮ್ಮ ಈಗಲೂ ಅನ್ನುತ್ತಾಳೆ. ಇರಬಹುದು. ಆದರೆ ಅಂಗೈಗೆ ತಾಗಿದ್ದು ಏನು? ನನಗೂ ಇವತ್ತಿನವರೆಗೆ ತಿಳಿದಿಲ್ಲ. ಆ ಪೆಟ್ಟಿಗೆ ಮತ್ತೆ ಮಾತಾಡಲಿಲ್ಲ.

ಅವತ್ತು ಭಾಗ್ಯ ಹುಣಸೆಯ ಕೈ ಒರೆಸಿಕೊಂಡು ಕೇಳಿದಳು, “ಪೆಟ್ಟಿಗೆ ಏನಂತು?”

ನಾನು ಬೆಳಕಿಗೆ ಮುಖ ಕೊಟ್ಟು ಕೂತೆ. “ಒಡೀತಾ ಇದ್ಯಾ ಅಂತು. ಒಡೀತಿತ್ತೋ ಇಲ್ವೋ ನಂಗೊತ್ತಿಲ್ಲ ಭಾಗ್ಯ. ನಾಲ್ಕು ತಂತೀದು ನಾನು ಕೇಳ್ಲೇ ಇಲ್ಲ. ಮಲಗಿದ್ದೆ. ಗೀಟೆಲ್ಲ ಸುಮ್ನೆ ಹಾಕಿದ್ದು. ನಿನ್ ಕಿವಿಯಿಂದ ಆಗಿದ್ದಲ್ಲ ಕಣೇ.”

ಅವಳು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಹತ್ತಿರ ಸರಿದು, ಚಿಕ್ಕವಳಿದ್ದಾಗಲೂ ಮುಟ್ಟದಿದ್ದ ಹಾಗೆ, ನನ್ನ ಗಂಟಲ ಮೇಲೆ ಅಂಗೈ ಇಟ್ಟಳು.

“ಗಟ್ಟಿಯಾಗಿ ಹೇಳು, ಕೈಗೆ ತಾಗ್ಲಿ” ಅಂದಳು.

“ತಪ್ಪಾಯ್ತು ಕಣೇ ಭಾಗ್ಯ” ಅಂದೆ. “ನನ್ನಿಂದ ತಪ್ಪಾಯ್ತು.”