ಬಾವಿ ದಂಡೆಯ ಬುಲೆಟ್

ಹಿಂದಿನ ಗಾಲಿಗೆ ಟೈರೇ ಇಲ್ಲದ ಮೋಟಾರ್‌ಸೈಕಲ್ಲೊಂದು ಬೆಳಗಿನಿಂದ ಸಂಜೆತನಕ ಓಡಿ ಓಡಿ, ಒಂದು ಮಾರೂ ಮುಂದೆ ಹೋಗದೆ ಇರುವುದನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅದು ನನ್ನದೇ.

ಈ ವಾರ ಬೇರೇನೋ ಬರೆಯಬೇಕೆಂದು ಕುಳಿತಿದ್ದೆ. ಆಗಲಿಲ್ಲ. ಸಿಟ್ಟು ನೆತ್ತಿಗೇರಿದಾಗ ಬೇರೆ ವಿಷಯ ಎಲ್ಲಿಂದ ಹೊಳೆಯಬೇಕು?

ಇಂಡಿ ಊರಿನ ಹೊರಗೆ, ಹಳ್ಳದ ದಂಡೆಗೆ ನಮ್ಮದೊಂದು ನಿಂಬೆ ತೋಟ. ನಾನು ಹೈಸ್ಕೂಲ್ ಮಾಸ್ತರ, ತೋಟ ಅವ್ವನದು. ಅಪ್ಪ ಇದ್ದಾಗ ಬಾವಿಯ ನೀರು ಎತ್ತಲು ಒಂದು ಸಣ್ಣ ಡೀಸೆಲ್ ಎಂಜಿನ್ ಇತ್ತು, ಇಬ್ಬರು ಹಿಡಿದರೆ ಏಳುವಂಥದ್ದು. ಆಮೇಲೆ ಕರೆಂಟ್ ಬಂತು. ಮೋಟಾರ್ ಕೂತಿತು. ಎಂಜಿನ್ ದನದ ಕೊಟ್ಟಿಗೆ ಸೇರಿತು. ಇನ್ನು ಡೀಸೆಲ್ ಸಹವಾಸ ಮುಗಿಯಿತು ಎಂದರು ಎಲ್ಲರೂ. ನಾವೂ ನಂಬಿದೆವು. (ನಂಬುವುದರಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ?)

ನನಗೋ ಮೊದಲಿನಿಂದ ಬುಲೆಟ್ ಹುಚ್ಚು. ಸಿಂದಗಿಯ ಗುಜರಿ ಅಂಗಡಿಯಲ್ಲಿ ಎಂಜಿನ್ ಇಲ್ಲದ ಹಳೆಯ ಬುಲೆಟ್ ಸಿಕ್ಕಿತು. ಮನೆಯಲ್ಲಿ ಗಾಡಿ ಇಲ್ಲದ ಎಂಜಿನ್ ಬಿದ್ದಿತ್ತು. ಇನ್ನೇನು ಬೇಕು? ಸೂಟಿ, ರವಿವಾರ ಎಲ್ಲ ಹಿತ್ತಲಿನಲ್ಲೇ ಕಳೆದೆ. ಎಂಜಿನ್ ಕೂರಿಸಲು ದಪ್ಪ ತಗಡು ಕೊಯ್ಯಿಸಿದೆ. ತೂತು ಸರಿ ಬರಲಿಲ್ಲ, ಮತ್ತೆ ಕೊಯ್ಯಿಸಿದೆ. ಚೈನು ಗೇರ್‌ಬಾಕ್ಸಿನ ನೇರಕ್ಕೆ ಬರಲಿಲ್ಲ, ಎಲ್ಲ ಬಿಚ್ಚಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಟ್ಟು ಬೋಲ್ಟು ಹರವಿ ಹೆಂಡತಿಯಿಂದ ಬೈಸಿಕೊಂಡೆ. ಕೊನೆಗೂ ಒಂದು ದಿನ ಕಿಕ್ ಹೊಡೆದಾಗ ಅದು ಡಬ್ ಡಬ್ ಎಂದು ಎದ್ದಿತು. ಗೋಡೆಯ ಸುಣ್ಣ ಉದುರಿತು. ಓಣಿಯ ನಾಯಿಗಳು ದಿಕ್ಕಾಪಾಲಾದವು. ನನ್ನ ಕಣ್ಣಲ್ಲಿ ನೀರು ಬಂತು. (ಅದು ಹೊಗೆಗೆ ಬಂದದ್ದು ಎಂದು ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಆರ್‌ಟಿಓ ಸಾಹೇಬರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಮುಂದಿನ ಪುಟಕ್ಕೆ ಹೋಗಬೇಕು.)

ನಾಲತವಾಡಕ್ಕೆ ಕೊಟ್ಟ ನನ್ನ ಅಕ್ಕ ಫೋನಿನಲ್ಲೇ ಬಿದ್ದು ಬಿದ್ದು ನಕ್ಕಳು. "ಆ ನೀರೆತ್ತೋ ಎಂಜಿನ್ ಮ್ಯಾಲ ಕುಂತು ನೀ ನಮ್ಮ ಮನಿತನಕ ಬಂದ್ರ, ಅವತ್ತ ನಿನಗ ಹೋಳಿಗಿ ಊಟ" ಎಂದಳು. ಅಷ್ಟು ಸಾಕಾಯಿತು ನನಗೆ. ಇಂಡಿಯಿಂದ ಸಿಂದಗಿ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಅಲ್ಲಿಂದ ನಾಲತವಾಡ. ರವಿವಾರ ಹೊರಡುವುದೆಂದು ಗೊತ್ತು ಮಾಡಿದೆ. ಹಿಂದಕ್ಕೆ ಹೊಸ ಟೈರ್ ಹಾಕಿಸಿದೆ.

ಶುಕ್ರವಾರ ನಮ್ಮ ಹೊಲದ ಟಿ.ಸಿ. ಸುಟ್ಟಿತು.

ಟಿ.ಸಿ. ಎಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ: ಕಂಬದ ಮೇಲೆ ಕುಳಿತು ಸುತ್ತಲಿನ ಹೊಲಗಳಿಗೆಲ್ಲ ಕರೆಂಟ್ ಹಂಚುವ ಡಬ್ಬಿ. ಅದು ಸುಟ್ಟರೆ ಎಲ್ಲರ ಮೋಟಾರೂ ಬಂದ್. ಬಿಜಾಪುರದಿಂದ ಬೇರೆಯದು ಬರಬೇಕು. ಯಾವಾಗ? ನಾಳೆ. ಕರೆಂಟ್ ಆಫೀಸಿಗೆ ಹೋದೆ, ಸಾಹೇಬರು ನಾಳೆ ಎಂದರು. ಮರುದಿನ ಹೋದೆ, ನಾಳೆ ಎಂದರು. ವಾರ ಬಿಟ್ಟು ಹೋದೆ. ಅದೇ ಕುರ್ಚಿ, ಅದೇ ಚಹಾ, ಅದೇ ನಾಳೆ. ನನ್ನ ನಾಲತವಾಡದ ರವಿವಾರವೂ ಈ ಓಡಾಟದಲ್ಲೇ ಹೋಯಿತು.

ಇತ್ತ ನಿಂಬೆ ಕಾಯಿ ಹಿಡಿದಿತ್ತು. ಈ ಹೊತ್ತಿನಲ್ಲಿ ನೀರು ತಪ್ಪಿದರೆ ಗೋಲಿಯಷ್ಟು ಇರುವಾಗಲೇ ಎಲ್ಲ ಉದುರಿ ಹೋಗುತ್ತದೆ. ಬಾವಿಯಲ್ಲಿ ನೀರಿಲ್ಲವೇ? ಬೇಕಾದಷ್ಟಿದೆ! ಬಗ್ಗಿದರೆ ಮುಖ ಕಾಣುತ್ತದೆ. ಮೇಲೆ ತರಲು ಕರೆಂಟಿಲ್ಲ, ಅಷ್ಟೇ. ಅವ್ವ ಹಿತ್ತಲಿಗೆ ಬಂದು ಗಾಡಿಯ ಮುಂದೆ ನಿಂತಳು. ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ.

"ಎಂಜಿನ್ ನಿಮ್ಮಪ್ಪಂದು. ನೀರ ಎತ್ತಲಿ" ಎಂದಳು.

ಎಂಜಿನ್ ಬಿಚ್ಚಲು ನನಗೆ ಕೈ ಬರಲಿಲ್ಲ. ಗಾಡಿಯನ್ನೇ ಒಯ್ದು ಬಾವಿ ದಂಡೆಯಲ್ಲಿ ಸ್ಟ್ಯಾಂಡ್ ಹಾಕಿದೆ. ಮುಂದಿನ ಗಾಲಿಗೆ ಕಲ್ಲು ಒತ್ತಿದೆ. ಹಿಂದಿನ ಹೊಸ ಟೈರ್ ಬಿಚ್ಚಿ, ಬರಿಯ ರಿಮ್ಮಿನಿಂದ ಹಳೆಯ ಪಂಪಿಗೆ ಬೆಲ್ಟ್ ಹಾಕಿ ಟಾಪ್ ಗೇರಿಗೆ ತಂದೆ. ನೀರು ಧೋ ಎಂದು ಬಂತು. ಅವ್ವ ಸಲಿಕೆ ಹಿಡಿದು ಗಿಡಗಳ ಮಡಿಗೆ ನೀರು ತಿರುವಲು ಹೋದಳು. ನಾಲತವಾಡಕ್ಕೆ ಹೋಗಬೇಕಾದ ಗಾಡಿಯನ್ನು ನೋಡುತ್ತ ನಾನು ಕಲ್ಲಿನ ಮೇಲೆ ಕೂತೆ.

ಆಮೇಲೆ ಶುರುವಾಯಿತು ನೋಡಿ, ಶಹಬ್ಬಾಸ್‌ಗಿರಿ. ದಾರಿ ಹಿಡಿದು ಹೋಗುವವರೆಲ್ಲ ಸೈಕಲ್ ನಿಲ್ಲಿಸಿ ಬಂದರು. ಮಾಸ್ತರರದು ಭಾರಿ ತಲೆ ಎಂದರು, ನಮಗೂ ಒಂದು ಮಾಡಿಕೊಡಿ ಎಂದರು. ಒಬ್ಬನಾದರೂ, ಒಬ್ಬನೇ ಒಬ್ಬನಾದರೂ, ನಡೀರಿ ಎಲ್ಲರೂ ಕೂಡಿ ಆಫೀಸಿಗೆ ಹೋಗೋಣ ಎಂದನೇ? ಇಲ್ಲ. ಸುಟ್ಟ ಟಿ.ಸಿ. ಅವರದೂ ಹೌದು! ಕೊಡಬೇಕಾದದ್ದನ್ನು ಕೊಡದವರನ್ನು ಬಿಟ್ಟು, ಅದಿಲ್ಲದೆ ಹೇಗೋ ಸಂಭಾಳಿಸಿಕೊಂಡವನ ಬೆನ್ನು ತಟ್ಟುವ ಈ ಚಾಳಿ ನಮಗೆ ಯಾರು ಕಲಿಸಿದರು? ನಾನು ಗಾಡಿ ಮಾಡಿದ್ದು ಹತ್ತಿ ಹೋಗಲು ಸ್ವಾಮಿ, ಬೆನ್ನು ತಟ್ಟಿಸಿಕೊಳ್ಳಲು ಅಲ್ಲ.

ಹೋದ ರವಿವಾರ ಕರೆಂಟ್ ಆಫೀಸಿನ ಸಾಹೇಬರೇ ತೋಟಕ್ಕೆ ಬಂದರು. ಟಿ.ಸಿ. ಬಂತು ಎಂದುಕೊಂಡು ನಾನು ಎದ್ದು ನಿಂತೆ. ಅವರು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು, ಬೆಲ್ಟ್ ನೋಡಿದರು, ನೀರು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಝಳಕಿ ಹಂತ್ಯಾಕ ನಂದೂ ನಿಂಬಿ ತ್ವಾಟ ಐತ್ರಿ ಸರ. ಅಲ್ಲೀ ಟಿ.ಸಿ.ನೂ ಸುಟ್ಟೈತಿ. ಹಳೇ ಪಂಪ್ ಐತಿ. ಎರಡ ದಿನ ಗಾಡಿ ಕೊಡ್ತೀರೇನು?"

ನನಗೆ ತಲೆ ಕೆಟ್ಟಿತು. ಟಿ.ಸಿ. ತರಿಸಬೇಕಾದವರು ನೀವೇ ಅಲ್ಲವೇ, ಮೇಲಿನವರನ್ನು ಕೇಳಲಿಕ್ಕೆ ಏನು ಧಾಡಿ ಎಂದು ಕೂಗಿಯೇ ಬಿಟ್ಟೆ. ಅವರು ತಲೆ ತಗ್ಗಿಸಿ ಸಣ್ಣ ದನಿಯಲ್ಲಿ ಹೇಳಿದರು:

"ಕೇಳೇನ್ರಿ. ನನಗೂ ನಾಳಿ ಅಂತಾರ."

ನೋಡಿದಿರಾ? ಮೇಲಿನವರು ಕೊಟ್ಟ ನಾಳೆಯನ್ನು ಇಷ್ಟು ದಿನ ನಮಗೆ ಹಂಚುತ್ತಿದ್ದರು. ಅದು ತಮ್ಮ ತೋಟಕ್ಕೆ ಬಂದಾಗಲೂ ಟೇಬಲ್ ಗುದ್ದಲಿಲ್ಲ. ನನ್ನ ಬುಲೆಟ್ ಹುಡುಕಿಕೊಂಡು ಬಂದರು. ಕೊಡುವುದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಮಡಿಯಿಂದಲೇ ಹೇಳಿದಳು:

"ಗಿಡಾ ಏನ್ ತಪ್ಪ ಮಾಡ್ಯಾವು? ನಮ್ಮವು ಎರಡ ದಿನ ತಡೀತಾವು. ಕೊಟ್ಟ ಕಳಸು."

ಹಲ್ಲು ಕಚ್ಚಿಕೊಂಡು ನಾನೇ ನನ್ನ ಕೈಯಾರೆ ಟೈರ್ ಹಾಕಿದೆ. ಸಾಹೇಬರು ಹತ್ತಿ ಕೂತು ಕಿಕ್ ಹೊಡೆದರು. ನನ್ನ ಗಾಡಿ ಊರು ದಾಟಿ ದೂರ ಹೋದದ್ದು ಅದೇ ಮೊದಲು. ಹತ್ತಿ ಹೋದವನು ನಾನಲ್ಲ, ಹೋದದ್ದು ನಾಲತವಾಡಕ್ಕೂ ಅಲ್ಲ.

ಹೇಳಿದ ಎರಡು ದಿನ ಎಂದೋ ಮುಗಿದವು. ನಮ್ಮ ಗಿಡಗಳ ಎಲೆಗಳು ಮತ್ತೆ ಮುದುಡುತ್ತಿವೆ, ಅವ್ವ ದಾರಿ ನೋಡುತ್ತಿದ್ದಾಳೆ. ಅಕ್ಕ ಫೋನ್ ಮಾಡಿ ಕಡಲೆಬೇಳೆ ನೆನೆ ಹಾಕಲೇ ಎಂದು ಕೇಳಿ ನಗುತ್ತಾಳೆ. ನಿನ್ನೆ ಸಾಹೇಬರ ಆಫೀಸಿಗೆ ಹೋಗಿ ಗಾಡಿ ಯಾವಾಗ ಎಂದೆ. ಏನೆಂದಿರಬೇಕು? ನಾಳೆ ಎಂದರು.

ಸರಿ ಸಾಹೇಬರೇ. ನಿಮ್ಮ ತೋಟಕ್ಕೆ ಈಗ ಕರೆಂಟ್ ಕೊಡುತ್ತಿರುವವನು ನಾನು; ಮೀಟರ್ ನೋಡಿಕೊಂಡು ಹೋಗಲು ನಾಳೆಯೇ ಬರಲೇ?