ಎದುರುಮನೆಯ ಬೀಗದ ಕೈ

ಮೊನ್ನೆ ಜರ್ಮನಿಯ ಫೊಯರ್‌ಬಾಕ್‌ನ ನಮ್ಮ ಅಡುಗೆಮನೆಯಲ್ಲಿ ಮಗ ಮೊಬೈಲಿನಲ್ಲಿ ಯಾವುದೋ ಯುದ್ಧದ ಸುದ್ದಿ ನೋಡುತ್ತ, "ಕ್ರೀಗ್ ಅಲ್ವಾ ಅಮ್ಮಾ, ಯುದ್ಧದಲ್ಲಿ ಎಲ್ಲರೂ ದೋಚ್ತಾರೆ" ಎಂದು ಜರ್ಮನ್ ಬೆರೆಸಿ ಹೇಳಿದ. ನನಗೆ ಮೈಯೆಲ್ಲ ಉರಿಯಿತು. ಎಲ್ಲರೂ ಅಲ್ಲ. ನಾನು ಕಂಡಿದ್ದೇನೆ.

ಆಗ ನಾವು ಕುವೈತಿನಲ್ಲಿದ್ದೆವು. ನನಗೆ ಒಂಬತ್ತು ವರ್ಷ. ನಮ್ಮ ಮನೆಯದೂ ಎದುರಿನ ಲವೀನಾ ಆಂಟಿಯ ಮನೆಯದೂ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಅವರ ಮೀನುಸಾರಿನ ಘಮ ನಮ್ಮ ಊದುಬತ್ತಿಯ ಹೊಗೆಯೊಂದಿಗೆ ಬೆರೆಯುತ್ತಿತ್ತು. ನಡುವಿನ ಓಣಿಯಲ್ಲಿ ನಾನೂ ಅವರ ಮಗಳು ರೀಮಾಳೂ ಖಾಲಿ ಡಬ್ಬಿ ಪೇರಿಸಿ ಲಗೋರಿ ಆಡುತ್ತಿದ್ದೆವು. ರಜೆಗೆ ಮಂಗಳೂರಿಗೆ ಹೊರಟಾಗ ಅವರು ಬೀಗದ ಕೈಯನ್ನು ಅಮ್ಮನಿಗೆ ಕೊಟ್ಟರು. ಆ ಆಗಸ್ಟಿನಲ್ಲೇ ಇರಾಕಿನ ಸೈನ್ಯ ನುಗ್ಗಿತು.

ಸೈನಿಕರು ಕೆಳಗಿನ ಅಂಗಡಿಗಳನ್ನು ಬರಿದು ಮಾಡಿ ಲಾರಿ ತುಂಬಿಸಿದರು. ಮರುದಿನ ಪಪ್ಪ ಖುಬ್ಬೂಸ್ ರೊಟ್ಟಿಯ ಸಾಲಿನಲ್ಲಿ ನಿಲ್ಲಲು ಹೋಗಿದ್ದಾಗ ಮೇಲಿನ ಮಹಡಿಯ ವಾಸಣ್ಣ ಬಂದರು. ನಮ್ಮ ಉಡುಪಿಯವರೇ.

"ಆ ಕೀ ಕೊಡಿ ಅಕ್ಕ. ನಾಳೆ ಸೋಲ್ಜರ್‌ಗಳು ಹೇಗೂ ಕೊಂಡುಹೋಗ್ತಾರೆ. ನಮ್ಮವರಿಗಾದ್ರೂ ಆಗ್ಲಿ."

"ಅವರ ಕೈಯಲ್ಲಿ ಕೋವಿ ಉಂಟು, ಕೇಳುವವರಿಲ್ಲ. ನಿಮಗೆ ಎಂತ ಬಂದದ್ದು?" ಎಂದರು ಅಮ್ಮ.

ವಾಸಣ್ಣ ಕಬ್ಬಿಣದ ಸರಳು ತಂದು ಬೀಗ ಒಡೆದರು. ಅಡ್ಡ ನಿಂತ ಅಮ್ಮನನ್ನು ಭುಜದಿಂದ ಸರಿಸಿ ಹೊಲಿಗೆ ಮೆಷಿನ್, ಮಿಕ್ಸಿ, ಸೀರೆಗಳ ಪೆಟ್ಟಿಗೆ ಎಲ್ಲವನ್ನೂ ಹೊತ್ತರು. ರೀಮಾಳ ಸೈಕಲ್ಲಿನ ಹ್ಯಾಂಡಲ್ಲನ್ನು ನಾನು ಬಿಗಿಯಾಗಿ ಹಿಡಿದುಕೊಂಡೆ. "ಬಿಡು ಮಗಾ, ನೀನು ಒಳ್ಳೇ ಹುಡುಗಿ ಅಲ್ವಾ?" ಎನ್ನುತ್ತ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆ ಮೆದುದನಿ ನೆನೆದರೆ ಈಗಲೂ ಹಲ್ಲು ಕಚ್ಚುತ್ತೇನೆ.

ಕೆಲವು ವಾರಗಳ ಬಳಿಕ ಊರಿಗೆ ಹೊರಟಾಗ, ವಿಮಾನ ಹತ್ತಲು ಗಡಿಯಾಚೆಗೆ ಒಯ್ಯುವ ಬಸ್ಸಿನಲ್ಲಿ ತಲಾ ಒಂದೇ ಚೀಲಕ್ಕೆ ಜಾಗ. ವಾಸಣ್ಣ ದೋಚಿದ್ದನ್ನೆಲ್ಲ ಅಲ್ಲೇ ಬಿಟ್ಟು ಬಂದರು. ಯಾರಿಗೂ ಆಗಲಿಲ್ಲ!

ಮಂಗಳೂರಿನಲ್ಲಿ ಅಮ್ಮ ನಡೆದದ್ದನ್ನೆಲ್ಲ ಹೇಳಿದರು. ಲವೀನಾ ಆಂಟಿ ಕೇಳಿದ್ದು ಒಂದೇ ಮಾತು: "ಕೀ ನಿಮ್ಮ ಹತ್ರ ಇತ್ತಲ್ಲ?" ರೀಮಾ ಒಳಕೋಣೆಯಿಂದ ಹೊರಗೆ ಬರಲೇ ಇಲ್ಲ.

ಆಮೇಲೆ ಪಪ್ಪನಿಗೆ ಕೆಲಸ ಸಿಕ್ಕಿತು, ಮನೆಯಾಯಿತು, ನಾನು ಜರ್ಮನಿಗೆ ಬಂದೆ. ಕುವೈತಿನಲ್ಲಿ ಬಿಟ್ಟ ಸಾಮಾನೆಲ್ಲ ಮತ್ತೆ ಕೊಂಡದ್ದಾಯಿತು. ಹಾಗೆ ಒಂದಾಗಿದ್ದ ಎರಡು ಮನೆಗಳು ಮಾತ್ರ ಮತ್ತೆ ಒಂದಾಗಲಿಲ್ಲ. ಕಳೆದ ವರ್ಷ ಅಮ್ಮ ತೀರಿಕೊಂಡರು. ಹೇಳಿ ಕಳಿಸಿದರೂ ಲವೀನಾ ಆಂಟಿ ಬರಲಿಲ್ಲ. ವಾಸಣ್ಣ ಬಂದಿದ್ದರು. ಉತ್ತರಕ್ರಿಯೆಯ ದಿನದ ಬೊಜ್ಜದ ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕುಳಿತು, ಪಾಯಸವನ್ನು ಎರಡನೇ ಸಲ ಬಡಿಸಿಕೊಂಡರು.